ಎತ್ತಿಗೆ ಡಾಕ್ಟರು ಮನೆ ಬಾಗಿಲಿಗೆ, ಹಲ್ಲುನೋವಿಗೆ ನಾವು ಹುಬ್ಬಳ್ಳಿಗೆ

ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾವು ಮೊದಲು ನೋಡುವುದು ಬಾಯಿ. ಎರಡು ಹಲ್ಲೋ, ನಾಲ್ಕು ಹಲ್ಲೋ ಅಂತ ತುಟಿ ಎತ್ತಿ ನೋಡದೆ ಯಾವ ರೈತನೂ ರೊಕ್ಕ ಬಿಚ್ಚುವುದಿಲ್ಲ. ಮನೆ ಮಂದಿಯ ಬಾಯಿ ಮಾತ್ರ ಯಾರೂ ನೋಡುವುದಿಲ್ಲ.

ಎತ್ತಿಗೆ ಜಡ್ಡಾದರೆ 1962ಕ್ಕೆ ಫೋನ್ ಮಾಡಬಹುದು. ಪಶು ಚಿಕಿತ್ಸೆಯ ಗಾಡಿ ಊರಿಗೇ ಬರುವ ವ್ಯವಸ್ಥೆ ಇದೆ. ಒಳ್ಳೆಯ ಕೆಲಸ, ಬೇಡ ಅನ್ನುವವನು ನಾನಲ್ಲ. ಆದರೆ ಆ ಎತ್ತು ಹೂಡುವವನ ದವಡೆ ಬಾತು, ರಾತ್ರಿಯೆಲ್ಲ ಗೋಡೆಗೆ ಒರಗಿ ಕುಂತರೆ ಅವನಿಗೆ ಅಂಥ ನಂಬರಿಲ್ಲ. ಹಲ್ಲಿನ ಸರ್ಕಾರಿ ಡಾಕ್ಟರು ಸಿಗುವುದು ತಾಲೂಕು ಆಸ್ಪತ್ರೆಯಲ್ಲಿ, ಹೆಚ್ಚೆಂದರೆ ಸಮುದಾಯ ಆರೋಗ್ಯ ಕೇಂದ್ರದಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಅವರು ಇಳಿದು ಬಂದಿಲ್ಲ. ಹೀಗಾಗಿ ದೇವಿಕೊಪ್ಪದವರು ಕಲಘಟಗಿಗೆ ಹೋಗಬೇಕು. ಅಲ್ಲಿ ಆಗದ ಕೆಲಸಕ್ಕೆ ಹುಬ್ಬಳ್ಳಿಗೋ ಧಾರವಾಡಕ್ಕೋ ಬಸ್ ಹಿಡಿಯಬೇಕು.

‘ಹಳ್ಳಿಯವರಿಗೆ ಹಲ್ಲಿನ ಬಗ್ಗೆ ತಿಳಿವಳಿಕೆ ಇಲ್ಲ’ ಅಂತ ಪ್ಯಾಟಿಯವರು ಸಲೀಸಾಗಿ ಹೇಳುತ್ತಾರೆ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಇದು ತಿಳಿವಳಿಕೆಗಿಂತ ಹೆಚ್ಚಾಗಿ ಪಗಾರದ ಪ್ರಶ್ನೆ.

ಲೆಕ್ಕ ಹಾಕಿ ನೋಡಿ. ಹುಳುಕು ಸಣ್ಣದಿದ್ದಾಗ ಒಂದೇ ಸಲಕ್ಕೆ ಕೆರೆದು ಸಿಮೆಂಟ್ ತುಂಬಿದರೆ ಹಲ್ಲು ಉಳಿಯುತ್ತದೆ. ಅದು ಬೇರಿಗೆ ಇಳಿದರೆ ರೂಟ್ ಕೆನಾಲ್. ಸಾಮಾನ್ಯವಾಗಿ ಎರಡು-ಮೂರು ಸಲ ಹೋಗಬೇಕು, ಆಮೇಲೆ ಕ್ಯಾಪು. ಪ್ರತಿ ಸಲವೂ ಒಂದು ದಿನದ ದುಡಿಮೆ ಹೋಗುತ್ತದೆ. ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವ ಒಬ್ಬ ಹೆಣ್ಣುಮಗಳಿಗೆ ‘ಯಾಕವ್ವಾ, ಹಲ್ಲು ತೋರಿಸಬಾರದಾ?’ ಅಂತ ಕೇಳಿದೆ. ‘ಒಂದ ಸಲಕ್ಕ ಮುಗೀತೈತೇನ್ರಿ ಅಣ್ಣಾರ? ಮೂರು ಸಲ ಬಾ ಅಂತಾರ. ಮೂರು ದಿನದ ಪಗಾರ ಯಾರ ಕೊಡ್ತಾರ? ಕೀಳಿಸಿ ಒಗದ್ರ ಒಂದ ದಿನದಾಗ ಮುಗೀತೈತಿ’ ಅಂದಳು. ಅವಳ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಹೀಗೆ ಒಂದೇ ಊರಿನಲ್ಲಿ ಒಂದೇ ಹುಳುಕಿಗೆ ಎರಡು ಔಷಧ. ಟ್ರ್ಯಾಕ್ಟರ್ ಇದ್ದವನ ಹಲ್ಲಿಗೆ ಕ್ಯಾಪು, ಕೂಲಿಯವನ ಹಲ್ಲಿಗೆ ಇಕ್ಕಳ. ಐವತ್ತು ದಾಟಿದವರ ಬಾಯಿ ನೋಡಿ ಹೊಲ ಎಷ್ಟು ಎಕರೆ ಅಂತ ಅಂದಾಜು ಮಾಡಬಹುದು. ದವಡೆ ಹಲ್ಲು ಹೋದವರಿಗೆ ಖಡಕ್ ರೊಟ್ಟಿ, ಶೇಂಗಾ, ಹಸಿ ಗಜ್ಜರಿ ದೂರವಾಗುತ್ತವೆ. ಮೆತ್ತನೆಯ ಅನ್ನ-ಸಾರೇ ಗತಿ. ಮೈಮುರಿದು ದುಡಿಯುವವರಿಗೇ ಉಣ್ಣುವ ದಾರಿ ಕಟ್ಟಾಗುತ್ತದೆ.

ರೋಗ ಬರೀ ನಮ್ಮದಲ್ಲ. ಭಾರತೀಯ ದಂತ ವೈದ್ಯಕೀಯ ಪರಿಷತ್ತು 2002-03ರಲ್ಲಿ ದೇಶದ ತುಂಬ ಸಮೀಕ್ಷೆ ಮಾಡಿಸಿತ್ತು. 12 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಳುಕು, 35ರಿಂದ 44 ವರ್ಷದವರಲ್ಲಿ ನೂರಕ್ಕೆ ಸುಮಾರು 79 ಮಂದಿಗೆ. ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಒಂದಲ್ಲ ಒಂದು ರೋಗ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಹೇಳಿದೆ. ಹುಳುಕು ಎಲ್ಲರಿಗೂ ಬರುತ್ತದೆ. ಹಲ್ಲು ಉಳಿಸಿಕೊಳ್ಳುವುದು ಮಾತ್ರ ಕೆಲವರಿಗೆ ಸಾಧ್ಯ.

ಡಾಕ್ಟರ ಕೊರತೆ ಅನ್ನೋಣವೆಂದರೆ ಅದೂ ಅಲ್ಲ. ದಂತ ಕಾಲೇಜು ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕ ಒಂದು. ನಮ್ಮ ಜಿಲ್ಲೆಯ ಸತ್ತೂರಿನಲ್ಲೇ ಎಸ್‌ಡಿಎಂ ದಂತ ಕಾಲೇಜು 1986ರಿಂದ ಇದೆ. ಯೋಜನೆಗಳೂ ಇವೆ. ಕೇಂದ್ರದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಶುರುವಾದದ್ದು 2014-15ರಲ್ಲಿ. ರಾಜ್ಯ ಸರ್ಕಾರ ದಂತಭಾಗ್ಯ ಅಂತ ತಂದು ಬಡ ಹಿರಿಯರಿಗೆ ಪುಕ್ಕಟೆ ಹಲ್ಲುಸೆಟ್ ಕೊಡಿಸಿತು. ಬೊಚ್ಚು ಬಾಯಿಯ ಮುದುಕರಿಗೆ ಅದು ದೊಡ್ಡ ಉಪಕಾರವೇ. ಆದರೂ ಬೆಳೆ ಒಣಗಿದ ಮೇಲೆ ಪರಿಹಾರ ಕೊಟ್ಟ ಹಾಗೆ ಅದು. ನಮಗೆ ಬೇಕಾದದ್ದು ಬೆಳೆ ಇರುವಾಗಲೇ ನೀರು.

‘ಕ್ಯಾಂಪ್ ಮಾಡ್ತಾರಲ್ಲ’ ಅನ್ನಬಹುದು. ನಾನು ಕಂಡ ಕ್ಯಾಂಪುಗಳಲ್ಲಿ ಬಾಯಿ ನೋಡಿ ಚೀಟಿ ಬರೆದುಕೊಟ್ಟರು. ಚೀಟಿ ಹಿಡಿದು ಮತ್ತೆ ಅದೇ ಬಸ್ಸು, ಅದೇ ಪಗಾರದ ಲೆಕ್ಕ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲಿ ಮಕ್ಕಳ ಹಲ್ಲೂ ಸೇರಿದೆ. ನೋಡುವುದು ಶಾಲೆಯಲ್ಲಾದರೂ ಹಲ್ಲು ತುಂಬಿಸಲು ಅಪ್ಪ-ಅವ್ವ ಕೆಲಸ ಬಿಟ್ಟು ಮಗುವನ್ನು ದವಾಖಾನಿಗೆ ಒಯ್ಯಬೇಕು.

ಇನ್ನೂ ದೊಡ್ಡ ಅಪಾಯ ತಂಬಾಕಿನದು. 2016-17ರ ಸಮೀಕ್ಷೆಯಂತೆ ರಾಜ್ಯದ ವಯಸ್ಕರಲ್ಲಿ ನೂರಕ್ಕೆ ಸುಮಾರು 16 ಮಂದಿ ಹೊಗೆ ಇಲ್ಲದ ತಂಬಾಕು ಬಳಸುತ್ತಿದ್ದರು. ರಾಜ್ಯ 2013ರಲ್ಲಿ ಗುಟಕಾ ನಿಷೇಧಿಸಿತು. ಅಂಗಡಿಯಲ್ಲಿ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಆಯಿತು, ಅಷ್ಟೇ. ಬಾಯೊಳಗೆ ಬಿಳಿ ಕಲೆ, ಎರಡು ವಾರವಾದರೂ ಮಾಯದ ಹುಣ್ಣು, ಬರಬರುತ್ತ ಬಾಯಿ ಪೂರ್ತಿ ತೆರೆಯದಿರುವುದು, ಇವು ಕ್ಯಾನ್ಸರಿನ ಮುನ್ಸೂಚನೆ ಇರಬಹುದು. ಹಲ್ಲಿನ ಡಾಕ್ಟರ ಕಣ್ಣಿಗೆ ಇವು ಬೇಗ ಬೀಳುತ್ತವೆ. ಆ ಕಣ್ಣು ಊರಿಗೆ ಬಾರದಿದ್ದರೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಏನು ಮಾಡಬಹುದು? ಹಲ್ಲು ತುಂಬಲು ಕರೆಂಟು, ಡ್ರಿಲ್ಲು ಇರಲೇಬೇಕು ಅಂತಿಲ್ಲ. ಕೈ ಉಪಕರಣದಿಂದ ಹುಳುಕು ಕೆರೆದು ಗ್ಲಾಸ್ ಅಯೋನೋಮರ್ ಅನ್ನುವ ಸಿಮೆಂಟ್ ತುಂಬುವ ವಿಧಾನ 1980ರ ದಶಕದಲ್ಲಿ ಆಫ್ರಿಕಾದ ತಾಂಜಾನಿಯಾದಲ್ಲಿ ಬೆಳೆಯಿತು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲೇ ಅದನ್ನು ಎತ್ತಿ ಹಿಡಿಯಿತು. 2021ರಲ್ಲಿ ಆ ಸಿಮೆಂಟನ್ನೂ ಫ್ಲೋರೈಡ್ ಇರುವ ಪೇಸ್ಟನ್ನೂ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಬೇರಿಗೆ ಇಳಿದ ಹುಳುಕಿಗೆ ಇದು ಸಾಲದು. ಸಣ್ಣ ಹುಳುಕಿಗೆ ಒಂದು ಬೆಂಚು, ಒಳ್ಳೆ ಬೆಳಕು, ಕೈ ಪಳಗಿದ ಡಾಕ್ಟರು ಇದ್ದರೆ ಸಾಕು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ತಿಂಗಳಿಗೆ ಒಂದು ನಿಗದಿತ ದಿನ ಹಲ್ಲಿನ ಡಾಕ್ಟರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಲಿ. ಚೀಟಿ ಬರೆಯಲು ಅಲ್ಲ, ಹಲ್ಲು ತುಂಬಲು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದೇ ದಿನ ಇಟ್ಟರೆ ಒಳ್ಳೆಯದು. ಹಾಲಿನ ಸಂಘ, ಸೊಸೈಟಿಗಳು ಹೆಸರಿನ ಪಟ್ಟಿ ಮಾಡಲಿ. ಗ್ರಾಮಸಭೆಯಲ್ಲಿ ರಸ್ತೆ, ಗಟಾರದ ಜೊತೆ ಇದನ್ನೂ ಠರಾವಿನಲ್ಲಿ ಬರೆಸೋಣ.

ಇನ್ನೊಂದು ಮಾತು ಆಳು ಹಚ್ಚುವ ನಮಗೇ ಸೇರಿದ್ದು. ಹಲ್ಲು ತೋರಿಸಲು ಅರ್ಧ ದಿನ ಹೋದವರ ಪಗಾರ ಮುರಿಯಬೇಡಿ. ಸರ್ಕಾರದ ಆದೇಶಕ್ಕೆ ಕಾಯದೆ ಈ ಸುಗ್ಗಿಯಿಂದಲೇ ಇದನ್ನು ಶುರು ಮಾಡಬಹುದು.