ಅಂಗಡಿಯ ಬಾಗಿಲಲ್ಲಿ ಕೋವಿ

ಕೊಡಗಿನ ನಾಪೋಕ್ಲು ಸೀಮೆಯಲ್ಲಿ ಕೋವಿ ವಿಸ್ಮಯದ ವಸ್ತುವಲ್ಲ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಂದು ಕೋವಿ, ಒಡಿಕತ್ತಿಗಳನ್ನು ಒಪ್ಪವಿಟ್ಟು ಪೂಜಿಸುವ, ಪುತ್ತರಿಯ ಕದಿರು ತೆಗೆಯುವಾಗ ಗುಂಡು ಹಾರಿಸುವ, ಗಂಡುಮಗು ಹುಟ್ಟಿದರೆ ಒಂದು ಗುಂಡಿನಿಂದಲೂ ಸಾವಾದರೆ ಎರಡು ಗುಂಡುಗಳಿಂದಲೂ ಊರಿಗೆ ಸುದ್ದಿ ಮುಟ್ಟಿಸುವ ನಾಡು ಅದು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗರಿಗೆ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯಲ್ಲಿಯೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದು ಮುಂದುವರಿದು, 2019ರಲ್ಲಿ ಕೇಂದ್ರ ಸರ್ಕಾರದಿಂದ 2029ರ ಅಕ್ಟೋಬರ್‌ವರೆಗೆ ವಿಸ್ತರಣೆಗೊಂಡಿತು. ಈ ವಿನಾಯಿತಿ ಕಾಲಮಿತಿಯುಳ್ಳದ್ದು, ನಿಬಂಧನೆಗಳಿಗೆ ಒಳಪಟ್ಟದ್ದು ಎಂಬುದನ್ನು ಗಮನಿಸಿ ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು.

ಇನ್ನೊಬ್ಬರ ಕುಲಾಚಾರಕ್ಕೆ ತೀರ್ಪು ಹೇಳುವುದು ಶ್ರಾವಕನ ಕೆಲಸವಲ್ಲ. ಆದರೆ ತನ್ನ ಅಂಗಡಿಯ ಬಾಗಿಲು ಮತ್ತು ತನ್ನ ಗಲ್ಲಾಪೆಟ್ಟಿಗೆ ಅವನವೇ. ಕೋವಿ, ತೋಟೆಗಳನ್ನು ತಾನು ಮಾರಬಹುದೇ? ಮಾರುವವನಿಗೆ ಮಳಿಗೆ ಬಾಡಿಗೆಗೆ ಕೊಡಬಹುದೇ? ಹೆಗಲಿಗೆ ಕೋವಿ ಏರಿಸಿಕೊಂಡು ಬಂದ ಗಿರಾಕಿಗೆ ಏನು ಹೇಳಬೇಕು? ಈ ಪ್ರಶ್ನೆಗಳಿಗೆ ಉಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಉತ್ತರ ಹುಡುಕುವುದು ವ್ಯರ್ಥ. ಕಾನೂನು ಶಿಕ್ಷಿಸದೆ ಬಿಟ್ಟದ್ದೆಲ್ಲ ಧರ್ಮ ಒಪ್ಪಿದ್ದು ಎಂದು ಭಾವಿಸುವವರಿಗೆ ವ್ರತಗಳೇ ಬೇಕಾಗಿಲ್ಲ.

2019ರ ಆಗಸ್ಟ್ 3ರಂದು ಅಮೆರಿಕದ ಎಲ್ ಪಾಸೊ ನಗರದ ವಾಲ್‌ಮಾರ್ಟ್ ಮಳಿಗೆಯಲ್ಲಿ ಒಬ್ಬ ಬಂದೂಕುಧಾರಿಯ ಗುಂಡಿಗೆ 23 ಜನ ಬಲಿಯಾದರು. ಸರಿಯಾಗಿ ಒಂದು ತಿಂಗಳಿಗೆ, ಕಾಕತಾಳೀಯವಾಗಿ ಕೈಲ್‌ಪೊಳ್ದ್ ದಿನದಂದೇ, ಆ ಕಂಪನಿ ಪಿಸ್ತೂಲಿನ ಗುಂಡುಗಳ ಮಾರಾಟವನ್ನು ನಿಲ್ಲಿಸುವುದಾಗಿ ಸಾರಿತು. ಕಾಯಿದೆ ಬಿಟ್ಟುಕೊಟ್ಟಿರುವ ರಾಜ್ಯಗಳಲ್ಲಿಯೂ ಗಿರಾಕಿಗಳು ಬಂದೂಕನ್ನು ಬಹಿರಂಗವಾಗಿ ಹಿಡಿದು ಒಳಗೆ ಬರಬಾರದೆಂದು ಕೇಳಿಕೊಂಡಿತು. ಲಾಭವನ್ನೇ ದೇವರೆಂದು ನಂಬಿದ ಕಂಪನಿಯದು ಇಷ್ಟು ನಡೆ. ಬೇಟೆಯ ಬಂದೂಕುಗಳ ಮಾರಾಟ ನಿಲ್ಲಲಿಲ್ಲ ಎಂಬುದೂ ನಿಜವೇ. ಆದರೂ ಅಹಿಂಸೆಯನ್ನು ಪರಮಧರ್ಮವೆಂದು ಪ್ರತಿ ಸಭೆಯಲ್ಲಿ ಸಾರುವ ವಣಿಕ ಸಮಾಜಕ್ಕೆ ಒಂದು ಪರದೇಶಿ ವ್ಯಾಪಾರಸಂಸ್ಥೆ ದಾರಿ ತೋರಿಸಬೇಕಾಗಿ ಬಂದದ್ದು ನಾಚಿಕೆಯ ವಿಷಯ.

ಇದಕ್ಕೆಲ್ಲ ಸುಲಭದ ಮದ್ದೆಂದು ಕೆಲವರು ಲೋಹಶೋಧಕ ಯಂತ್ರವನ್ನು ತೋರಿಸುತ್ತಾರೆ. 2008ರ ಮುಂಬಯಿ ದಾಳಿಯ ತರುವಾಯ ದೊಡ್ಡ ನಗರಗಳ ಮಾಲ್‌ಗಳ ಬಾಗಿಲಲ್ಲಿ ಅದು ಸಾಮಾನ್ಯವಾಯಿತು. ಅದು ಕೂಗುತ್ತಲೇ ಇರುತ್ತದೆ, ಜನ ಒಳಗೆ ಹೋಗುತ್ತಲೇ ಇರುತ್ತಾರೆ. ಅಂಥದೊಂದನ್ನು ನಾಪೋಕ್ಲುವಿನ ಅಂಗಡಿಯ ಮುಂದೆ ನಿಲ್ಲಿಸಿದರೆ ಏನಾದೀತು? ಕುಪ್ಯಚೇಲೆ ತೊಟ್ಟು ಮದುವೆಗೆ ಹೊರಟ ಹಿರಿಯರ ಪೀಚೆಕತ್ತಿಗೆ ಅದು ಕೂಗುತ್ತದೆ. ಕಾಫಿ ತೋಟದಿಂದ ಸಂಜೆ ಅಕ್ಕಿ ಕೊಳ್ಳಲು ಬಂದ ಕೂಲಿಯವನ ಕೈಗತ್ತಿಗೆ ಕೂಗುತ್ತದೆ. ಅವನನ್ನು ಹೊರಗೆ ನಿಲ್ಲಿಸಿ ಚೀಲ ತಡಕುತ್ತಾರೆ. ವಿನಾಯಿತಿ ಪತ್ರ ಕಿಸೆಯಲ್ಲಿಟ್ಟು ಜೀಪಿನಲ್ಲಿ ಬಂದ ಧಣಿಯನ್ನು ನಗುತ್ತ ಒಳಗೆ ಕರೆಯುತ್ತಾರೆ. ಬಡವನನ್ನು ಮಾತ್ರ ಶಂಕಿಸುವ ಯಂತ್ರ ಅಹಿಂಸೆಯ ಸಾಧನವಾಗಲಾರದು. ಒಳಗಿನ ಕಪಾಟಿನಲ್ಲಿ ತೋಟೆಯ ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟು ಹೊರಗೆ ಲೋಹಶೋಧಕ ನಿಲ್ಲಿಸುವುದಂತೂ ನಗೆಪಾಟಲು.

ಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ. ಅನರ್ಥದಂಡದ ಭೇದಗಳಲ್ಲಿ ಹಿಂಸಾದಾನವೂ ಒಂದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ವಧೆಗೆ ಕಾರಣವಾಗುವ ಖಡ್ಗ, ಕೊಡಲಿ, ಬೆಂಕಿ ಮುಂತಾದವನ್ನು ಇನ್ನೊಬ್ಬರಿಗೆ ಕೊಡುವುದನ್ನು ಹಾಗೆ ಕರೆಯುತ್ತದೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಹದಿನೈದು ನಿಷಿದ್ಧ ವೃತ್ತಿಗಳನ್ನು ಎಣಿಸುವಾಗ ಶಸ್ತ್ರಗಳ ಮಾರಾಟವನ್ನು ವಿಷವಾಣಿಜ್ಯದಲ್ಲಿಯೇ ಸೇರಿಸಿದರು. ಎರಡು ಪಂಥಗಳೂ ಒಂದೇ ಮಾತು ಹೇಳುವ ವಿಷಯವಿದು.

‘ಆ ಪಟ್ಟಿಯಲ್ಲಿ ಗುದ್ದಲಿಯೂ ಇದೆ, ಹಾಗಾದರೆ ಕಬ್ಬಿಣದಂಗಡಿಗಳನ್ನೆಲ್ಲ ಮುಚ್ಚಬೇಕೆ?’ ಎಂಬ ಕುಹಕ ಕೇಳಿಬರುತ್ತದೆ. ಗುದ್ದಲಿಗೆ ಹೊಲದಲ್ಲಿ ಪ್ರಯೋಜನವಿದೆ, ಅದರಿಂದಾಗುವ ಜೀವಹಾನಿ ಗೃಹಸ್ಥನಿಗೆ ತಪ್ಪಿಸಲಾಗದ ಆರಂಭೀ ಹಿಂಸೆ. ತೋಟೆಗೆ ಕೊಲ್ಲುವುದರ ಹೊರತು ಯಾವ ಪ್ರಯೋಜನ? ಬೇಟೆಗೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡವಿದೆ. ಸಂಭ್ರಮಕ್ಕೆಂದರೆ, ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಸಂಭ್ರಮದ ಗುಂಡು ಹಾರಿಸಿದವನಿಗೆ ಎರಡು ವರ್ಷದವರೆಗೆ ಸೆರೆಮನೆ ವಿಧಿಸಬಹುದೆಂದು 2019ರ ತಿದ್ದುಪಡಿ ಹೇಳಿದೆ. ‘ತಾನು ಮಾರದಿದ್ದರೆ ಪಕ್ಕದವನು ಮಾರುತ್ತಾನೆ’ ಎಂಬ ಸಮಾಧಾನವಂತೂ ಹೆಂಡದ ವ್ಯಾಪಾರಕ್ಕೂ ಸಲ್ಲುತ್ತದೆ. ಅದನ್ನು ಯಾವ ಜೈನ ಮನೆತನವೂ ಒಪ್ಪಿಲ್ಲ. ಕೋವಿಯ ವಿಷಯದಲ್ಲಿ ಮಾತ್ರ ಅದೇಕೆ ಸರಿಯೆನಿಸಬೇಕು?

ಇನ್ನು ಕೆಲವರು ಇತಿಹಾಸವನ್ನು ಮುಂದಿಡುತ್ತಾರೆ: ಜೈನರು ಶಸ್ತ್ರ ಹಿಡಿದವರಲ್ಲವೇ, ಚಾವುಂಡರಾಯ ಸೇನಾನಿಯಲ್ಲವೇ? ಹೌದು. ಕೊಡಗಿನಲ್ಲಿಯೇ ಆಳಿದ ಕೊಂಗಾಳ್ವರು ಯುದ್ಧ ಮಾಡಿದ ಜೈನ ಅರಸರು. ಮುಳ್ಳೂರಿನ ಬಸದಿಗಳು ಅವರ ಕಾಲದವು. ಶ್ರಾವಕನಿಗೆ ವಿರೋಧೀ ಹಿಂಸೆ ಸಂಪೂರ್ಣ ನಿಷಿದ್ಧವಲ್ಲ. ಆದರೆ ನಾಡನ್ನು ಕಾಯಲು ಖಡ್ಗ ಹಿಡಿದವನಿಗೂ ಲಾಭಕ್ಕೆ ಖಡ್ಗ ಮಾರಿದವನಿಗೂ ಅಂತರವಿಲ್ಲವೇ? ಅದೇ ಚಾವುಂಡರಾಯ ವಿಂಧ್ಯಗಿರಿಯ ಮೇಲೆ ನಿಲ್ಲಿಸಿದ್ದು ಗೆದ್ದ ಗಳಿಗೆಯಲ್ಲೇ, ಎತ್ತಿದ ಕೈಯನ್ನು ಇಳಿಸಿದವನ ಮೂರ್ತಿಯನ್ನು. ಭರತ, ಬಾಹುಬಲಿಯರ ಮಂತ್ರಿಗಳು ಸೇನೆಗಳನ್ನು ತಡೆದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿಯೇ ಜಗಳ ತೀರಿಸಿದರೆಂಬ ಕಥೆ ಮಕ್ಕಳಿಗೂ ಗೊತ್ತು.

ಹಾಗಾದರೆ ಬಾಗಿಲಿಗೆ ಬಂದ ಗಿರಾಕಿಗೆ ಹೇಳುವುದೇನು? ಇಲ್ಲಿಯೂ ಶಾಸ್ತ್ರದ್ದು ಆಶ್ಚರ್ಯಪಡುವಷ್ಟು ಸೂಕ್ಷ್ಮ ವಿವೇಕ. ಈ ವ್ರತದ ಅತಿಚಾರಗಳಲ್ಲಿ ಶ್ವೇತಾಂಬರ ಗ್ರಂಥಗಳು ಸಂಯುಕ್ತಾಧಿಕರಣವೆಂಬುದನ್ನು ಹೇಳುತ್ತವೆ. ಒರಳಿಗೆ ಒನಕೆಯನ್ನು, ಬಿಲ್ಲಿಗೆ ಬಾಣವನ್ನು ಕೂಡಿಸಿಟ್ಟು ಹಿಂಸೆಯ ಸಾಧನವನ್ನು ಸಿದ್ಧವಾಗಿಡುವುದೇ ದೋಷವೆಂಬುದು ಅದರ ವಿವರಣೆ. ಬಿಡಿಯಾಗಿದ್ದ ಎರಡು ವಸ್ತುಗಳು ಕೂಡಿದ ಗಳಿಗೆಯಲ್ಲಿ ಪ್ರಮಾದಕ್ಕೆ ಎಡೆಯಾಗುತ್ತದೆ. ತೋಟೆ ತುಂಬಿದ ಕೋವಿ ಇದಕ್ಕಿಂತ ಬೇರೆಯೇ? ಹಂದಿಯೆಂದು ಭ್ರಮಿಸಿ ಜೊತೆಗಾರನಿಗೇ ಗುಂಡಿಕ್ಕಿದ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸದಲ್ಲ. ಕೋವಿಯನ್ನು ಒರಸುವಾಗ ಸಿಡಿದ ಗುಂಡಿಗೆ ಕೊಲ್ಲುವ ಸಂಕಲ್ಪವೇ ಇರುವುದಿಲ್ಲ.

ಆದ್ದರಿಂದ ಯಂತ್ರ ಬೇಡ, ಚೀಲ ತಡಕುವುದು ಬೇಡ. ‘ಕೋವಿಯನ್ನು ಒಳಗೆ ತರಬಾರದು’ ಎಂಬ ಒಂದು ಹಲಗೆ ಸಾಕು. ಅದು ಧಣಿಗೂ ಕೂಲಿಗೂ ಒಂದೇ ಆಗಿರಲಿ, ಬಾಯಿಮಾತಿನಲ್ಲಿ ವಿನಯವಿರಲಿ. ಕೋವಿಯನ್ನು ಪೂಜೆಯ ವಸ್ತುವೆಂದು ಕಾಣುವ ಕೊಡವರ ಹಿರಿಯರು ಅದನ್ನು ಸೀಗೆಪುಡಿ, ಸಕ್ಕರೆಯ ಮೂಟೆಗಳ ನಡುವೆ ಒರಗಿಸಲು ಹಟ ಹಿಡಿಯುವವರಲ್ಲ.

ಉಳಿದದ್ದು ಬಸದಿಗಳ ಟ್ರಸ್ಟುಗಳ ಮಾತು. ಅಭಿಷೇಕದ ಹಾಲಿಗೆ ಮಳಿಗೆಯ ಬಾಡಿಗೆಯಿಂದಲೇ ಹಣ ಬರುವಲ್ಲಿ, ಆ ಮಳಿಗೆಯಲ್ಲಿ ಏನು ಮಾರಾಟವಾಗುತ್ತದೆಂದು ವಿಚಾರಿಸದಿರುವುದು ಔದಾರ್ಯವಲ್ಲ, ಅಲಕ್ಷ್ಯ. ಮದ್ಯಮಾಂಸಗಳನ್ನು ಮಾರಕೂಡದೆಂದು ಬಾಡಿಗೆಯ ಕರಾರಿನಲ್ಲಿ ಬರೆಸುವವರು ಅದೇ ಸಾಲಿನಲ್ಲಿ ಕೋವಿ, ತೋಟೆ, ಚರೆ, ಮದ್ದುಗಳನ್ನೂ ಸೇರಿಸಲು ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಮುಂದಿನ ಕರಾರು ನವೀಕರಣದ ಸಭೆಯಲ್ಲಿಯೇ ಅದನ್ನು ಬರೆಸಬಹುದು.