ಹೊಸ ಪಿಸ್ತೂಲು ಮುಗ್ಗರಿಸಿದರೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪಂಪುಸೆಟ್ಟು, ಹೊಲಿಗೆ ಯಂತ್ರ, ಮಿಕ್ಸಿಗಳ ವಿಚಾರವೇ ಹೆಚ್ಚು. ಕುಂಬಳೆಯ ಕಡೆಯ ಓದುಗರೊಬ್ಬರು ಈ ಬಾರಿ ಪಿಸ್ತೂಲಿನ ವಿಚಾರವಾಗಿ ಕೇಳಿದ್ದಾರೆ. ಅವರ ಮಗಳು ಮಂಗಳೂರಿನಲ್ಲಿ ಎಂ.ಕಾಂ. ಓದುತ್ತ, ಗುರಿಕ್ರೀಡೆಯ ಕ್ಲಬ್ಬೊಂದರಲ್ಲಿ 25 ಮೀಟರ್ ಪಿಸ್ತೂಲು ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದಾಳೆ. ಕ್ಲಬ್ಬಿನವರು ಹೊಸದಾಗಿ ತರಿಸಿದ ಅರೆಸ್ವಯಂಚಾಲಿತ ಪಿಸ್ತೂಲನ್ನು ಅವಳಿಗೆ ಕೊಟ್ಟಿದ್ದಾರೆ. ಐದು ಗುಂಡು ತುಂಬಿದರೆ ಮೂರನೆಯದೋ ನಾಲ್ಕನೆಯದೋ ಅರ್ಧಕ್ಕೆ ಸಿಕ್ಕಿ ನಿಲ್ಲುತ್ತದೆ. ಕೆಲವೊಮ್ಮೆ ಖಾಲಿ ತೋಟೆ ಹೊರಗೆ ಬೀಳದೆ ಹೊಗೆಕೊಳವೆಯಂತೆ ನೆಟ್ಟಗೆ ನಿಲ್ಲುತ್ತದೆ. ತರಬೇತುದಾರರು ಹುಡುಗಿಯ ಮಣಿಕಟ್ಟು ಸಡಿಲವೆನ್ನುತ್ತಾರೆ, ಹುಡುಗಿ ಪಿಸ್ತೂಲೇ ಸರಿಯಿಲ್ಲವೆನ್ನುತ್ತಾಳೆ. ಆಯ್ಕೆಯ ಸ್ಪರ್ಧೆಗೆ ಆರು ವಾರಗಳಿವೆ. ಈ ಕ್ರೀಡೆಯನ್ನೇ ಬಿಡಿಸಿಬಿಡೋಣವೆಂದು ಮನೆಯಲ್ಲಿ ಮಾತು ನಡೆದಿದೆಯಂತೆ. ತಂದೆಯವರ ಕೊನೆಯ ಪ್ರಶ್ನೆ: “ನಮ್ಮ ಊರಿನ ಲೇತ್ ಅಂಗಡಿಯವನು ಬಹಳ ಜಾಣ, ಪಿಸ್ತೂಲನ್ನು ತಂದು ಅವನಿಗೊಮ್ಮೆ ತೋರಿಸಲೇ?”

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇವೆ: ಖಂಡಿತ ಕೂಡದು. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಪ್ರಕರಣದಂತೆ, ಬಂದೂಕು ಪಿಸ್ತೂಲುಗಳನ್ನು ತಯಾರಿಸುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ ಪರವಾನಗಿ ಬೇಕು. ಕ್ಲಬ್ಬಿನ ಪಿಸ್ತೂಲನ್ನು ಚೀಲದಲ್ಲಿಟ್ಟುಕೊಂಡು ತಲಪಾಡಿ ದಾಟಿ ಬಂದರೆ ತಂದೆ ಮಗಳು ಇಬ್ಬರೂ ತಪ್ಪಿತಸ್ಥರಾಗುವ ಸಂಭವವಿದೆ. ಲೇತ್ ಅಂಗಡಿಯವನ ಜಾಣತನದ ಮೇಲೆ ನಮಗೆ ಅನುಮಾನವಿಲ್ಲ; ಆದರೆ ಅರದಿಂದ ಒಂದೆರಡು ಸಲ ಉಜ್ಜಿ ತೆಗೆದ ಲೋಹವನ್ನು ಮತ್ತೆ ಅಂಟಿಸಲು ಯಾವ ಜಾಣನಿಂದಲೂ ಆಗದು.

ಇನ್ನು ಯಂತ್ರದ ವಿಚಾರ. ಈ ಸ್ಪರ್ಧೆಯ ಪಿಸ್ತೂಲಿನಲ್ಲಿ ಬಳಸುವುದು 5.6 ಮಿಲಿಮೀಟರಿನ, ಎಂದರೆ ‘ಪಾಯಿಂಟ್ ಟೂ-ಟೂ’ ಎಂದು ನಮ್ಮ ಎನ್.ಸಿ.ಸಿ. ಹುಡುಗರೆಲ್ಲ ಬಲ್ಲ ಸಣ್ಣ ತೋಟೆ. ಕುದುರೆ ಎಳೆದಾಗ ಮದ್ದು ಉರಿದು ಅನಿಲವು ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಅದೇ ಒತ್ತಡ ಖಾಲಿ ತೋಟೆಯನ್ನು ಹಿಂದಕ್ಕೂ ತಳ್ಳುತ್ತದೆ. ಅದರ ಬೆನ್ನಿಗಿರುವ ಬೋಲ್ಟು ತನ್ನ ತೂಕದಿಂದಲೂ ಸ್ಪ್ರಿಂಗಿನ ಬಲದಿಂದಲೂ ಕ್ಷಣಕಾಲ ತಡೆದು, ಬಳಿಕ ಹಿಂದಕ್ಕೆ ಸರಿಯುತ್ತದೆ. ಸರಿಯುವಾಗ ಒಂದು ಕೊಕ್ಕೆ ಖಾಲಿ ತೋಟೆಯನ್ನು ಎಳೆದು ತರುತ್ತದೆ, ಒಂದು ಮೊಳೆ ಅದನ್ನು ಪಕ್ಕಕ್ಕೆ ಚಿಮ್ಮುತ್ತದೆ. ಸ್ಪ್ರಿಂಗು ಬೋಲ್ಟನ್ನು ಮತ್ತೆ ಮುಂದಕ್ಕೆ ದೂಡಿದಾಗ, ಮ್ಯಾಗಜಿನ್ನಿನ ಮೇಲ್ತುದಿಯ ಹೊಸ ತೋಟೆ ನಳಿಗೆಯ ಗೂಡಿಗೆ ಹೋಗಿ ಕೂರುತ್ತದೆ. ಇಷ್ಟೆಲ್ಲ ಕಣ್ಣೆವೆ ಇಕ್ಕುವುದರೊಳಗೆ ಮುಗಿಯುತ್ತದೆ. ಇದಕ್ಕೆಲ್ಲ ದೊರೆಯುವ ಬಲವು ಒಂದು ಪುಟ್ಟ ತೋಟೆಯದು. ಅದರ ಗುಂಡಿನ ತೂಕ ಸುಮಾರು 2.6 ಗ್ರಾಂ. ಇಷ್ಟು ಬಿಗಿಯಾದ ಆಯವ್ಯಯದಲ್ಲಿ ಎಲ್ಲಿ ಚೂರು ಬಲ ಸೋರಿದರೂ ಬೋಲ್ಟಿನ ಓಟ ಮೊಟಕಾಗುತ್ತದೆ. ಖಾಲಿ ತೋಟೆ ನೆಟ್ಟಗೆ ಸಿಕ್ಕಿಕೊಳ್ಳುವುದು ಬಹುಮಟ್ಟಿಗೆ ಈ ಕಾರಣಕ್ಕೇ.

ಹೊಸ ಪಿಸ್ತೂಲಿನಲ್ಲಿ ಬಲ ಸೋರುವ ದಾರಿಗಳು ಹಲವು. ಕಾರ್ಖಾನೆಯಿಂದ ಬರುವಾಗ ತುಕ್ಕು ಹಿಡಿಯದಂತೆ ದಪ್ಪ ಎಣ್ಣೆಯನ್ನೋ ಗ್ರೀಸನ್ನೋ ಬಳಿದಿರುತ್ತಾರೆ. ಅದು ಸಂಗ್ರಹಣೆಗಾಗಿ ಬಳಿದದ್ದು, ಓಟಕ್ಕಾಗಿ ಅಲ್ಲ. ಅದನ್ನು ಒರೆಸದೆ ಗುಂಡು ಹಾರಿಸತೊಡಗಿದರೆ ಮದ್ದಿನ ಮಸಿಯೂ ಗುಂಡಿನ ಮೇಲಿನ ಮೇಣವೂ ಸೇರಿ ಅಂಟಿನಂತಾಗುತ್ತದೆ. ಸ್ಪ್ರಿಂಗುಗಳು ಹೊಸದಾಗಿ ಬಿರುಸಾಗಿರುತ್ತವೆ. ಒಂದಕ್ಕೊಂದು ಉಜ್ಜುವ ಲೋಹದ ಮೈಗಳು ಇನ್ನೂ ನುಣುಪಾಗಿರುವುದಿಲ್ಲ. ಕೆಲವು ನೂರು ಗುಂಡು ಹಾರಿದ ಮೇಲೆ ತಾನೇ ಸರಿಹೋಗುವ ಪಿಸ್ತೂಲುಗಳು ಎಷ್ಟೋ ಇವೆ. ಹೊಸ ಜೋಡು ಕಾಲಿಗೆ ಒಗ್ಗುವುದಕ್ಕೂ ದಿನ ಬೇಕಲ್ಲವೇ?

ಹೊಸ ತೋಟೆಯೇ ಅರ್ಧಕ್ಕೆ ಸಿಕ್ಕುವುದು ಮಾತ್ರ ಬೇರೆಯೇ ಕಾಯಿಲೆ. ಇದನ್ನು ಅದರೊಡನೆ ಬೆರೆಸಬಾರದು. ಈ ಸಣ್ಣ ತೋಟೆಯ ಬುಡದಲ್ಲಿ ಸುತ್ತಲೂ ಒಂದು ಅಂಚಿರುತ್ತದೆ. ಮ್ಯಾಗಜಿನ್ ತುಂಬುವಾಗ ಪ್ರತಿಯೊಂದು ತೋಟೆಯ ಅಂಚೂ ಅದರ ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಮೇಲಿನದರ ಅಂಚು ಕೆಳಗಿನದರ ಹಿಂದೆ ಬಿದ್ದರೆ, ಬೋಲ್ಟು ಮೇಲಿನದನ್ನು ದೂಡಿದಾಗ ಅದು ಕೆಳಗಿನದಕ್ಕೆ ಕೊಂಡಿಯಂತೆ ಸಿಕ್ಕಿ ನಿಲ್ಲುತ್ತದೆ. ಆತುರದಲ್ಲಿ ಒತ್ತಿ ತುಂಬುವವರಿಗೆ ಇದು ಆಗಾಗ ಆಗುವ ತೊಂದರೆ. ಮ್ಯಾಗಜಿನ್ನಿನ ತುಟಿ ಕೂದಲೆಳೆಯಷ್ಟು ಬಾಗಿದ್ದರೂ ತೋಟೆಯ ಮೂಗು ಮೇಲಕ್ಕೋ ಕೆಳಕ್ಕೋ ತಿರುಗಿ ಗೂಡಿನ ಬಾಯಿಗೆ ಢಿಕ್ಕಿ ಹೊಡೆಯುತ್ತದೆ. ಎಲ್ಲರೂ ಪಿಸ್ತೂಲನ್ನು ಬೈಯುವಾಗ ಮ್ಯಾಗಜಿನ್ ಬೆಪ್ಪನಂತೆ ಸುಮ್ಮನಿರುತ್ತದೆ. ನಮ್ಮ ಅನುಮಾನ ಯಾವಾಗಲೂ ಮೊದಲು ಹೋಗುವುದು ಅದರ ಮೇಲೆಯೇ.

ಹಾಗಾದರೆ ತಪ್ಪು ಯಾರದು? ಪತ್ರದಲ್ಲಿ ತರಬೇತುದಾರರಿಗೂ ಹುಡುಗಿಗೂ ವಾದವೇ ನಡೆದಿದೆಯಲ್ಲದೆ ಪರೀಕ್ಷೆ ನಡೆದಂತೆ ಕಾಣುವುದಿಲ್ಲ. ಮೇಷ್ಟ್ರ ತರಬೇತಿಯ ಕಾಲದಲ್ಲಿ ವಿಜ್ಞಾನ ಪಾಠಕ್ಕೆ ನಮಗೆ ಹೇಳಿಕೊಟ್ಟ ಮೊದಲ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಮೊದಲು ಪಿಸ್ತೂಲಿನ ಜೊತೆ ಬಂದ ಕೈಪಿಡಿಯಂತೆ ಕ್ಲಬ್ಬಿನಲ್ಲಿಯೇ ಅದನ್ನು ಚೆನ್ನಾಗಿ ಒರೆಸಿ, ಹೇಳಿದ ಜಾಗಗಳಿಗೆ ಹೇಳಿದಷ್ಟೇ ಎಣ್ಣೆ ಹಾಕಲಿ. ಮ್ಯಾಗಜಿನ್ನುಗಳ ತಳಕ್ಕೆ ಬಣ್ಣದ ಬೊಟ್ಟಿಟ್ಟು ಒಂದು, ಎರಡು ಎಂದು ಗುರುತು ಮಾಡಲಿ. ತೋಟೆಗಳ ಒಂದು ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 50 ಇರುತ್ತವೆ. ಒಂದು ಪೆಟ್ಟಿಗೆಯನ್ನು ಒಂದೇ ಮ್ಯಾಗಜಿನ್ನಿನಿಂದ ಹಾರಿಸಿ, ಎಷ್ಟನೆಯ ಗುಂಡು ಹೇಗೆ ನಿಂತಿತು ಎಂಬುದನ್ನು ನೋಟುಪುಸ್ತಕದಲ್ಲಿ ಬರೆಯಲಿ. ಎರಡನೆಯ ಪೆಟ್ಟಿಗೆ ಎರಡನೆಯ ಮ್ಯಾಗಜಿನ್ನಿಗೆ. ತೊಂದರೆ ಒಂದರಲ್ಲಿ ಮಾತ್ರ ಕಂಡರೆ ಕಳ್ಳ ಸಿಕ್ಕಿದಂತೆಯೇ. ಎರಡರಲ್ಲಿಯೂ ಕಂಡರೆ ಬೇರೆ ತಯಾರಕರ ತೋಟೆ ಹಾಕಿ ನೋಡಬೇಕು. ಒಂದು ಬಗೆಯ ತೋಟೆಯನ್ನು ಸಲೀಸಾಗಿ ನುಂಗುವ ಪಿಸ್ತೂಲು ಇನ್ನೊಂದನ್ನು ಉಗುಳುವುದುಂಟು. ಯಾವುದು ಒಗ್ಗುತ್ತದೆಂದು ಕೈಪಿಡಿಯಲ್ಲಿ ಹೇಳಿದ್ದರೆ ಅದರಿಂದಲೇ ಆರಂಭಿಸುವುದು ಲೇಸು.

ಕಡೆಯದು ಕೈ. ಹಿಡಿತ ಸಡಿಲವಾದರೆ ಇಡೀ ಪಿಸ್ತೂಲೇ ಬೋಲ್ಟಿನೊಡನೆ ಹಿಂದಕ್ಕೆ ಸರಿದು ಬಲ ಪೋಲಾಗುತ್ತದೆಂಬುದು ನಿಜವೇ; ತರಬೇತುದಾರರ ಮಾತು ಆಧಾರವಿಲ್ಲದ್ದಲ್ಲ. ಆದರೆ ಅದನ್ನು ಪರೀಕ್ಷಿಸುವುದು ಸುಲಭ. ಅದೇ ಪಿಸ್ತೂಲು, ಅದೇ ಮ್ಯಾಗಜಿನ್, ಅದೇ ಪೆಟ್ಟಿಗೆಯ ತೋಟೆಗಳಿಂದ ತರಬೇತುದಾರರೇ 50 ಗುಂಡು ಹಾರಿಸಲಿ. ಅವರ ಕೈಯಲ್ಲಿಯೂ ನಿಂತರೆ ಮಣಿಕಟ್ಟಿನ ಮಾತು ಅಲ್ಲಿಗೆ ಮುಗಿಯಿತು. ಅವರ ಕೈಯಲ್ಲಿ ಸಲೀಸಾಗಿ ಓಡಿದರೆ ಹುಡುಗಿ ಬೇಸರಿಸಬೇಕಿಲ್ಲ. ಆರು ವಾರದಲ್ಲಿ ತಿದ್ದಿಕೊಳ್ಳಬಹುದಾದ ದೋಷವದು. ಇಷ್ಟಾದ ಮೇಲೂ ತೊಂದರೆ ಉಳಿದರೆ ನೋಟುಪುಸ್ತಕದ ಪ್ರತಿಯೊಡನೆ ಪಿಸ್ತೂಲನ್ನು ಮಾರಿದ ಪರವಾನಗಿದಾರರಿಗೆ ಕ್ಲಬ್ಬಿನವರೇ ಒಪ್ಪಿಸಲಿ. “ಆಗಾಗ ನಿಲ್ಲುತ್ತದೆ” ಎಂಬ ದೂರಿಗಿಂತ “ಎರಡನೆಯ ಮ್ಯಾಗಜಿನ್ನಿನಲ್ಲಿ 50ಕ್ಕೆ 7 ಸಲ” ಎಂಬ ಲೆಕ್ಕಕ್ಕೆ ಬೆಲೆ ಹೆಚ್ಚು.

ಒಂದು ಎಚ್ಚರಿಕೆ ಇದೆ, ಅದನ್ನು ಹುಡುಗಿಗೆ ತಿಳಿದಿದ್ದರೂ ಹೇಳುತ್ತೇವೆ. ಕುದುರೆ ಎಳೆದರೂ ಗುಂಡು ಸಿಡಿಯದಿದ್ದರೆ ಕೂಡಲೇ ತೆರೆದು ನೋಡಬಾರದು. ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಸದ್ದು ಎಂದಿಗಿಂತ ಮೆತ್ತಗಿದ್ದರೆ ಗುಂಡು ನಳಿಗೆಯಲ್ಲಿಯೇ ಉಳಿದಿರಬಹುದು. ಅದನ್ನು ನೋಡದೆ ಇನ್ನೊಂದು ಹಾರಿಸಿದರೆ ನಳಿಗೆ ಬಿರಿಯಬಹುದು, ಕೈಗೂ ಅಪಾಯ.

ಸ್ಪರ್ಧೆಯ ದಿನ ಪಿಸ್ತೂಲು ನಿಂತರೆ ಏನು ಮಾಡಬೇಕೆಂಬುದನ್ನು ಈಗಲೇ ರೂಢಿ ಮಾಡಿಕೊಳ್ಳಬೇಕು. ಅಂತರರಾಷ್ಟ್ರೀಯ ನಿಯಮದಂತೆ ಪಿಸ್ತೂಲನ್ನು ಗುರಿಯ ಕಡೆಗೆ ಹಿಡಿದಂತೆಯೇ ಖಾಲಿ ಕೈಯನ್ನು ಎತ್ತಿ ಅಧಿಕಾರಿಯನ್ನು ಕರೆಯಬೇಕು. ಅವರು ಪರೀಕ್ಷಿಸುವ ಮೊದಲು ಬೋಲ್ಟನ್ನೋ ಸುರಕ್ಷತಾ ಗುಂಡಿಯನ್ನೋ ಮುಟ್ಟಿದರೆ, ದೋಷ ನಿಜವಾಗಿದ್ದರೂ ಅದನ್ನು ಮನ್ನಿಸುವುದಿಲ್ಲ. ಅಭ್ಯಾಸದಲ್ಲಿ ಸಿಕ್ಕಿದೊಡನೆ ತಾನೇ ಎಳೆದು ಬಿಡಿಸಿಕೊಳ್ಳುವ ಕೈಗೆ ಅಂದು ಸುಮ್ಮನಿರುವುದು ಕಷ್ಟ.

ಸಣ್ಣ ದೋಷದ ಬೆಲೆ ಎಷ್ಟಾಗಬಹುದೆಂಬುದನ್ನು ದೇಶವೇ ಕಂಡಿದೆ. 2020ರ ಟೋಕಿಯೋ ಒಲಿಂಪಿಕ್ಸ್ ನಡೆದದ್ದು 2021ರಲ್ಲಿ. ಆ ಜುಲೈ 25ರಂದು 10 ಮೀಟರ್ ಏರ್ ಪಿಸ್ತೂಲಿನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ಅದು ತಾನೇ ತುಂಬಿಕೊಳ್ಳುವ ಪಿಸ್ತೂಲಲ್ಲ, ಗಾಳಿಯ ಪಿಸ್ತೂಲು. ಆದರೂ ಮಾತು ಅದೇ. 60 ಗುಂಡುಗಳಿಗೆ ಇದ್ದ 75 ನಿಮಿಷಗಳಲ್ಲಿ ಕಾಲು ಗಂಟೆಗೂ ಮಿಕ್ಕಿ ರಿಪೇರಿಗೇ ಹೋಯಿತು, ಆ ಹೊತ್ತು ಮರಳಿ ಸಿಗಲಿಲ್ಲ. ಉಳಿದ ಗುಂಡುಗಳನ್ನು ಅವಸರದಲ್ಲಿ ಮುಗಿಸಿಯೂ ಆಕೆ 575 ಅಂಕ ಪಡೆದರು. ಅಂತಿಮ ಸುತ್ತಿಗೆ ಹೋದ ಎಂಟನೆಯವರ ಅಂಕ 577. ಆಗ ಆಕೆಗೆ 19 ವರ್ಷ. 2024ರ ಜುಲೈ 28ರಂದು ಪ್ಯಾರಿಸ್ಸಿನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಎರಡು ದಿನಗಳ ಬಳಿಕ ಸರಬ್ಜೋತ್ ಸಿಂಗರೊಡನೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು. ಪತ್ರ ಬರೆದವರ ಮಗಳು ಅಭ್ಯಾಸ ಮಾಡುತ್ತಿರುವ 25 ಮೀಟರ್ ಸ್ಪರ್ಧೆಯಲ್ಲಿ ಆಗಸ್ಟ್ 3ರಂದು ನಾಲ್ಕನೆಯವರಾದರು. ಟೋಕಿಯೋದ ಸಂಜೆ ಅವರ ಮನೆಯವರೂ “ಬಿಡಿಸಿಬಿಡೋಣ” ಎಂದಿದ್ದರೆ?

ಆದ್ದರಿಂದ ಆ ಮಾತನ್ನು ಐವತ್ತು ಗುಂಡುಗಳ ಮೂರು ಪರೀಕ್ಷೆ ಮುಗಿಯುವವರೆಗಾದರೂ ತಡೆಹಿಡಿಯಬೇಕೆಂದು ತಂದೆಯವರಲ್ಲಿ ನಮ್ಮ ವಿನಂತಿ. ಫಲಿತಾಂಶವನ್ನು ಬರೆದು ತಿಳಿಸಿದರೆ ಸಂತೋಷ. ನೀರೆತ್ತದ ಪಂಪಿನ ಕುರಿತು ತಾಳವಾಡಿಯಿಂದ ಬಂದಿರುವ ಎರಡು ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇವೆ.