ಉಪ್ಪಿನ ಬ್ಯಾಟರಿ ಆರೇ ನಿಮಿಷದಲ್ಲಿ ಚಾರ್ಜ್ ಆಗುತ್ತಾ? ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

“ಬೆಂಗಳೂರಿನ ವಿಜ್ಞಾನಿಗಳು ಉಪ್ಪಿನಿಂದ ಬ್ಯಾಟರಿ ಮಾಡಿದ್ದಾರೆ. 6 ನಿಮಿಷಕ್ಕೆ ಚಾರ್ಜ್. ಬೆಂಕಿ ಹತ್ತುವುದೇ ಇಲ್ಲ. ಈಗ ಲಿಥಿಯಂ ಸ್ಕೂಟರ್ ಕೊಳ್ಳಬೇಡಿ!” ಇಂಥ ಸಂದೇಶ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಹಾಗಂತ ಪೂರ್ತಿ ನಂಬಿದರೆ ಅಪಾಯವಿದೆ.

ಮೊದಲು ನಿಜದ ಮಾತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಒಂದು ಸೋಡಿಯಂ-ಅಯಾನ್ ಬ್ಯಾಟರಿ ರೂಪಿಸಿದೆ. 6 ನಿಮಿಷದಲ್ಲಿ ಶೇ. 80ರಷ್ಟು ಚಾರ್ಜ್ ಆಗುತ್ತದೆ, 3,000ಕ್ಕೂ ಹೆಚ್ಚು ಬಾರಿ ಚಾರ್ಜ್ ಮಾಡಬಹುದು ಎಂದು 2025ರ ಮೇ ತಿಂಗಳಲ್ಲಿ ಪ್ರಕಟಣೆ ಬಂತು. ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ 8 ವರ್ಷದ ಲೆಕ್ಕವಾಯಿತು. ಆದರೆ ಇದು ಪ್ರಯೋಗಾಲಯದ ಸಾಧನೆ, ಅಂಗಡಿಯ ಸರಕಲ್ಲ.

ಹೆಸರು ಉಪ್ಪಿನ ಬ್ಯಾಟರಿಯಾದರೂ ಇದರೊಳಗೆ ಅಡುಗೆ ಉಪ್ಪು ಇರುವುದಿಲ್ಲ. ಉಪ್ಪಿನಲ್ಲಿರುವ ಸೋಡಿಯಂ ಎಂಬ ಧಾತು ಇಲ್ಲಿಯೂ ಇದೆ, ಅಷ್ಟೇ. ಚಾರ್ಜ್ ಮಾಡುವಾಗ ಸೋಡಿಯಂ ಅಯಾನುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಕೂರುತ್ತವೆ. ಬಳಸುವಾಗ ವಾಪಸ್ ಬರುತ್ತವೆ. ಲಿಥಿಯಂ ಬ್ಯಾಟರಿಯದೂ ಇದೇ ಆಟ. ಕಷ್ಟ ಏನೆಂದರೆ ಸೋಡಿಯಂ ಅಯಾನು ಗಾತ್ರದಲ್ಲಿ ದೊಡ್ಡದು. ಪರಮಾಣುವಿನ ತೂಕವಂತೂ ಲಿಥಿಯಂಗಿಂತ ಮೂರು ಪಟ್ಟಿಗೂ ಹೆಚ್ಚು. ತುಂಬಿದ ಬಸ್ಸಿನಲ್ಲಿ ದೊಡ್ಡ ಮೂಟೆ ಹೊತ್ತು ಹಿಂದಿನ ಸೀಟಿಗೆ ಹೋಗಬೇಕಾದವರ ಪಾಡು ಅದರದ್ದು.

ಹಾಗಾಗಿ ಇಲ್ಲಿನ ನಿಜವಾದ ಕೆಲಸ ಬಸ್ಸನ್ನೇ ಬೇರೆ ಥರ ಕಟ್ಟುವುದು. ಬೆಂಗಳೂರಿನ ತಂಡ ಬಳಸಿದ್ದು ನಾಸಿಕಾನ್ ಎಂಬ ಜಾತಿಯ ಹರಳುಗಳನ್ನು. ಇವುಗಳ ಒಳಗೆ ಅಯಾನು ಓಡಾಡಲು ಸುರಂಗದಂಥ ದಾರಿಗಳಿವೆ. ಈ ಹರಳಿನ ಬಗ್ಗೆ 1976ರಲ್ಲೇ ಬರೆದವರಲ್ಲಿ ಜಾನ್ ಗುಡ್‌ಎನಫ್ ಒಬ್ಬರು. ಲಿಥಿಯಂ ಬ್ಯಾಟರಿಗಾಗಿ 97ನೇ ವಯಸ್ಸಿನಲ್ಲಿ, 2019ರಲ್ಲಿ ನೊಬೆಲ್ ಪಡೆದರಲ್ಲ, ಅವರೇ! ತಂಡ ಇದರ ಕಣಗಳನ್ನು ನ್ಯಾನೋ ಗಾತ್ರಕ್ಕೆ ಇಳಿಸಿತು, ಆಗ ಅಯಾನು ನಡೆಯಬೇಕಾದ ದೂರ ಕಡಿಮೆ. ಮೇಲೆ ತೆಳುವಾಗಿ ಇಂಗಾಲ ಸವರಿತು. ಆನೋಡ್‌ಗೆ ಸ್ವಲ್ಪ ಅಲ್ಯೂಮಿನಿಯಂ ಸೇರಿಸಿತು. ಹೊಸ ಧಾತು ಕಂಡುಹಿಡಿದಿದ್ದಲ್ಲ, ಇರುವ ವಸ್ತುವಿನ ಒಳರಚನೆಯನ್ನು ತಿದ್ದಿದ್ದು. ನಮಗೆ ಈ ಸುದ್ದಿಯಲ್ಲಿ ತುಂಬಾ ಇಷ್ಟವಾದದ್ದು ಇದೇ. ಫಾರ್ವರ್ಡ್‌ನಲ್ಲಿ ಇದರ ಸುಳಿವೇ ಇರುವುದಿಲ್ಲ ಬಿಡಿ.

ಇನ್ನು ಆ 6 ನಿಮಿಷ. ನಿಮ್ಮ ಸ್ಕೂಟರ್ ಬ್ಯಾಟರಿ 3 ಯೂನಿಟ್‌ನದು ಎಂದುಕೊಳ್ಳಿ. ಶೇ. 80 ಅಂದರೆ 2.4 ಯೂನಿಟ್. ಅಷ್ಟನ್ನು 6 ನಿಮಿಷದಲ್ಲಿ ತುಂಬಲು 24 ಕಿಲೋವ್ಯಾಟ್ ಬೇಕು. ಮನೆಯಲ್ಲಿ ಗೀಸರ್ ಹಾಕುವ 16 ಆಂಪಿಯರ್ ಸಾಕೆಟ್ ಕೊಡುವುದು ಹೆಚ್ಚೆಂದರೆ ಮೂರೂವರೆ ಕಿಲೋವ್ಯಾಟ್ ಆಸುಪಾಸು. ಅಂದರೆ ಬ್ಯಾಟರಿ ಎಷ್ಟೇ ಚುರುಕಾಗಿದ್ದರೂ ಮನೆಯಲ್ಲಿ 40 ನಿಮಿಷವಾದರೂ ಹಿಡಿಯುತ್ತದೆ. ತೂಕದ ಲೆಕ್ಕವೂ ಇದೆ. ಚೀನಾದ ಸಿಎಟಿಎಲ್ ಕಂಪನಿ 2021ರಲ್ಲಿ ತೋರಿಸಿದ ಸೋಡಿಯಂ ಸೆಲ್ ಕಿಲೋಗೆ 160 ವ್ಯಾಟ್-ಅವರ್ ಹಿಡಿಯುತ್ತಿತ್ತು. ಒಳ್ಳೆಯ ಲಿಥಿಯಂ ಸೆಲ್ 250ರಷ್ಟು ಹಿಡಿಯುತ್ತದೆ. ಅದೇ 3 ಯೂನಿಟ್‌ಗೆ ಲಿಥಿಯಂ ಸೆಲ್‌ಗಳು 12 ಕಿಲೋ ಆದರೆ ಸೋಡಿಯಂ ಸೆಲ್‌ಗಳು ಸುಮಾರು 19 ಕಿಲೋ.

ಹಾಗಿದ್ದರೂ ಸೋಡಿಯಂ ಹಿಂದೆ ಬಿದ್ದಿರುವುದೇಕೆ? ಅದು ಎಲ್ಲೆಡೆ ಸಿಗುತ್ತದೆ. ಲಿಥಿಯಂ ಹಾಗಲ್ಲ. ಮಂಡ್ಯದಲ್ಲಿ 14,100 ಟನ್ ಲಿಥಿಯಂ ಇದೆ ಎಂಬ ಸುದ್ದಿ 2020ರಲ್ಲಿ ಹರಿದಾಡಿದ್ದು ನೆನಪಿರಬಹುದು. ಮರುವರ್ಷ ಪರಮಾಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಅಂದಾಜು ಬಂದಾಗ ಅದು 1,600 ಟನ್‌ಗೆ ಇಳಿಯಿತು. ಜೊತೆಗೆ ಸೋಡಿಯಂ ಬ್ಯಾಟರಿಯಲ್ಲಿ ದುಬಾರಿ ತಾಮ್ರದ ಹಾಳೆಯ ಬದಲು ಎರಡೂ ಕಡೆ ಅಲ್ಯೂಮಿನಿಯಂ ಹಾಳೆ ಸಾಕು. ಆದರೆ 2022ರ ನಂತರ ಲಿಥಿಯಂ ಬೆಲೆಯೇ ಕುಸಿದಿದ್ದರಿಂದ ಅಗ್ಗ ಎಂಬ ಅನುಕೂಲ ಆಗ ತೆಳುವಾಯಿತು.

ತೂಕ ಲೆಕ್ಕಕ್ಕೇ ಬಾರದ ಜಾಗದಲ್ಲಿ ಸೋಡಿಯಂಗೆ ಬೇಡಿಕೆ ಮೊದಲು ಬರಬಹುದು. ಚೀನಾದ ಗ್ವಾಂಗ್‌ಶಿ ಪ್ರಾಂತ್ಯದಲ್ಲಿ 2024ರ ಮೇನಲ್ಲಿ 10,000 ಯೂನಿಟ್ ವಿದ್ಯುತ್ ಕೂಡಿಡುವ ಸೋಡಿಯಂ ಬ್ಯಾಟರಿ ಕೇಂದ್ರ ಶುರುವಾಗಿದೆ. ಪಾವಗಡದ ಸೋಲಾರ್ ಪಾರ್ಕ್‌ನಂಥ ಕಡೆ ಹಗಲಿನ ವಿದ್ಯುತ್ತನ್ನು ರಾತ್ರಿಗೆ ಉಳಿಸಲು ಇಂಥದ್ದು ಹೊಂದುತ್ತದೆ.

ಕೊನೆಯದಾಗಿ “ಬೆಂಕಿ ಹತ್ತುವುದೇ ಇಲ್ಲ” ಎಂಬ ಮಾತು. ಇದನ್ನು ಮಾತ್ರ ದಯವಿಟ್ಟು ಮುಂದೆ ಕಳಿಸಬೇಡಿ. ಸಾಮಾನ್ಯ ಸೋಡಿಯಂ ಬ್ಯಾಟರಿಯ ಒಳಗಿನ ದ್ರವವೂ ಲಿಥಿಯಂ ಬ್ಯಾಟರಿಯಲ್ಲಿರುವಂತೆ ಹೊತ್ತಿಕೊಳ್ಳುವ ಸಾವಯವ ದ್ರಾವಕವೇ. ಕೆಲವು ವಿನ್ಯಾಸಗಳಲ್ಲಿ ಅಪಾಯ ಕಡಿಮೆ ಇರಬಹುದು, ಇಲ್ಲವೇ ಇಲ್ಲ ಎನ್ನಲಾಗದು. ಯಾರಾದರೂ ಸ್ಕೂಟರ್‌ಗೆ “ಉಪ್ಪಿನ ಬ್ಯಾಟರಿ ಹಾಕಿಕೊಡುತ್ತೇವೆ, ಹಳೇ ಚಾರ್ಜರೇ ಸಾಕು” ಎಂದರೆ ಒಪ್ಪಬೇಡಿ. ಎರಡರ ವೋಲ್ಟೇಜ್ ಮಿತಿ ಬೇರೆ, ಚಾರ್ಜರ್ ಕೂಡ ಬೇರೆಯೇ ಬೇಕು. ಸ್ಕೂಟರ್ ಈಗಲೇ ಬೇಕಿದ್ದವರು ಈ ಸುದ್ದಿಗಾಗಿ ಕಾಯುವ ಅಗತ್ಯವಿಲ್ಲ. ಬ್ಯಾಟರಿಗೆ ಎಷ್ಟು ವರ್ಷದ ವಾರಂಟಿ, ಊರಿನಲ್ಲಿ ಸರ್ವಿಸ್ ಇದೆಯೇ ಎಂದು ಕೇಳಿ ಕೊಳ್ಳಿ.